ಪಾಲಿಹೌಸಿಗೆ ಮುಂಚೆ ಒಂದು ಬಕೆಟ್



ಕೊಲ್ಲಿ ದೇಶಗಳಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಊರಿಗೆ ಮರಳುವ ಮಾತು ಬಂದೇ ಬರುತ್ತದೆ. ಮೊದಲೆಲ್ಲ ಆ ಮಾತು ಸೈಟು, ಅಪಾರ್ಟ್‌ಮೆಂಟುಗಳ ಸುತ್ತ ತಿರುಗುತ್ತಿತ್ತು. ಈಗ ಹೈಡ್ರೋಪಾನಿಕ್ಸ್, ಅಂದರೆ ಮಣ್ಣಿಲ್ಲದ ಬೇಸಾಯವೂ ಸೇರಿಕೊಂಡಿದೆ. "ದೇವನಹಳ್ಳಿ ಕಡೆ ಅರ್ಧ ಎಕರೆ ಪಾಲಿಹೌಸ್ ಹಾಕಿ, ಉಳಿದದ್ದನ್ನು ಮೊಬೈಲಿನಲ್ಲೇ ನೋಡಿಕೊಳ್ಳಿ" ಎನ್ನುವ ಧಾಟಿಯ ಪಿಡಿಎಫ್‌ಗಳು ನಮ್ಮ ಇನ್‌ಬಾಕ್ಸಿಗೆ ಬಂದು ಬೀಳುತ್ತಿವೆ. ಹತ್ತು ವರ್ಷ ದುಡಿದು ಉಳಿಸಿದ್ದನ್ನು ಇದರಲ್ಲಿ ಹಾಕಲು ಹೊರಟವರನ್ನು ನಾನು ಬಲ್ಲೆ. ಅವರಿಗೆ ನನ್ನದು ಒಂದೇ ಮಾತು: ಮೊದಲು ಒಂದು ಬಕೆಟ್ ಇಟ್ಟು ನೋಡಿ.

ನಾನು ಕೃಷಿ ತಜ್ಞನಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ನಮ್ಮ ಕಚೇರಿ ಇರುವುದು ಕುವೈತಿನ ಸಬ್ಹಾನ್‌ನಲ್ಲಿ. ಸುತ್ತಲೂ ಕಾರ್ಖಾನೆ, ಗೋದಾಮು, ಲಾರಿ. ಅಲ್ಲಿನ ಕಿಟಕಿಯ ಬಳಿ ಕಳೆದ ಚಳಿಗಾಲದಲ್ಲಿ ಆರು ಬಕೆಟ್ ಇಟ್ಟು ಲೆಟ್ಯೂಸ್, ಪುದೀನ, ಇಲ್ಲಿನವರು ಊಟದ ಜೊತೆ ಹಸಿಯಾಗಿ ತಿನ್ನುವ ಜರ್ಜೀರ್ ಸೊಪ್ಪು ಬೆಳೆದೆ. ಪಂಪಿಲ್ಲ, ಪೈಪಿಲ್ಲ, ಕರೆಂಟಿಲ್ಲ. ಬಕೆಟ್ಟುಗಳು ಕ್ಯಾಂಟೀನಿನವರು ಎಸೆಯುತ್ತಿದ್ದ ಉಪ್ಪಿನಕಾಯಿ ಡಬ್ಬಗಳು.

ಈ ವಿಧಾನವನ್ನು ರೂಪಿಸಿದವರು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ. ಮುಚ್ಚಳದಲ್ಲಿ ತೂತು ಕೊರೆದು, ತಳಕ್ಕೂ ಬದಿಗೂ ತೂತು ಮಾಡಿದ ಕಾಗದದ ಲೋಟವನ್ನು ಅದರಲ್ಲಿ ಕೂರಿಸಿ. ಲೋಟದಲ್ಲಿ ತೆಂಗಿನ ನಾರಿನ ಪುಡಿ, ಅದರಲ್ಲಿ ಸಸಿ. ಪೋಷಕಾಂಶ ಬೆರೆಸಿದ ನೀರು ಲೋಟದ ತಳಕ್ಕೆ ತಾಗುವಷ್ಟಿರಲಿ. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ. ಮೇಲಿನ ಬೇರುಗಳು ಗಾಳಿಯನ್ನೂ ಕೆಳಗಿನವು ನೀರನ್ನೂ ಹೀರುತ್ತವೆ. ನಡುವೆ ನೀರು ಸೇರಿಸಬೇಕಾಗಿ ಬಂದರೆ ಮೊದಲಿನ ಮಟ್ಟಕ್ಕೆ ತುಂಬಬೇಡಿ, ಗಾಳಿಗೆ ಒಗ್ಗಿದ ಬೇರುಗಳು ಉಸಿರುಗಟ್ಟುತ್ತವೆ. ಬಕೆಟ್ಟಿನೊಳಗೆ ಬೆಳಕು ಹೋದರೆ ಪಾಚಿ ಕಟ್ಟುತ್ತದೆ, ಆದ್ದರಿಂದ ಹೊರಗೆ ಕಪ್ಪು ಬಣ್ಣ ಬಳಿಯಿರಿ. ಸಂದಿಯಿಲ್ಲದಂತೆ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

ಹತ್ತು ಲೀಟರ್ ನೀರಿಗೆ 4-18-38 ದರ್ಜೆಯ ಪೋಷಕಾಂಶ ಪುಡಿ 6 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ. ಮೊದಲ ಎರಡು ಪೂರ್ತಿ ಕರಗಿದ ಮೇಲೆ ಮೂರನೆಯದನ್ನು ಹಾಕಿ. ಒಣಪುಡಿಗಳನ್ನೇ ಒಟ್ಟಿಗೆ ಸ್ವಲ್ಪ ನೀರಿನಲ್ಲಿ ಕಲಸಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ನೀರಿನ ಪಿಎಚ್ 5.5ರಿಂದ 6.5ರ ನಡುವೆ ಇರಲಿ. ಇಷ್ಟೇ. ಇದೇ ಕೆಲಸಕ್ಕೆ ಕಿಟ್ ಎಂಬ ಹೆಸರಿನಲ್ಲಿ ಹತ್ತು ಪಟ್ಟು ಬೆಲೆ ತೆರುವ ಅಗತ್ಯವಿಲ್ಲ.

ಹೇಳಬೇಕಾದ ಮುಖ್ಯ ಸಂಗತಿ ಮುಂದಿದೆ. ಪಿಡಿಎಫ್ ಹೇಳದ ಮೂರು ವಿಷಯವನ್ನು ಬಕೆಟ್ ಹೇಳುತ್ತದೆ.

ಒಂದು, ಶಾಖ. ಬೇಸಿಗೆಯಲ್ಲಿ ಏನಾಗುತ್ತದೆಂದು ನೋಡಲೆಂದೇ ಮೇ ತಿಂಗಳಲ್ಲಿ ಒಂದು ಬಕೆಟ್ಟನ್ನು ತಾರಸಿಗೆ ಒಯ್ದಿಟ್ಟೆ. ವಾರದೊಳಗೆ ಬಿಳಿ ಬೇರು ಕಂದಾಗಿ ಕೊಳೆಯಿತು. ಕಾರಣ ಸರಳ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 35 ಡಿಗ್ರಿಯಲ್ಲಿ ಅದು 7ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬೇರಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ಕೊಳೆರೋಗದ ಶಿಲೀಂಧ್ರಗಳೂ ಚಿಗುರಿಕೊಳ್ಳುತ್ತವೆ. 2016ರ ಜುಲೈ 21ರಂದು ಇದೇ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ನಮ್ಮೂರಿನಲ್ಲಿ ಅಷ್ಟು ಬಿಸಿಲಿಲ್ಲ, ನಿಜ. ಆದರೆ ಏಪ್ರಿಲ್ ತಿಂಗಳ ಪಾಲಿಹೌಸಿನೊಳಗೆ ಒಮ್ಮೆ ನಿಂತು ನೋಡಿ.

ಎರಡು, ನೀರು. ಇಲ್ಲಿ ನಲ್ಲಿಯಲ್ಲಿ ಬರುವುದು ಸಮುದ್ರದ ನೀರನ್ನು ಶುದ್ಧೀಕರಿಸಿದ್ದು, ಲವಣ ಕಡಿಮೆ. ಅಳತೆಯಂತೆ ಗೊಬ್ಬರ ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಬೆಂಗಳೂರು ಗ್ರಾಮಾಂತರದ, ಕೋಲಾರದ ಎಷ್ಟೋ ಬೋರ್‌ವೆಲ್ಲುಗಳ ನೀರು ಗಡಸು. ಪಿಎಚ್ ಏರಿ ಕಬ್ಬಿಣದ ಅಂಶ ಗಿಡಕ್ಕೆ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಅದಕ್ಕೆ ಆರ್‌ಓ ಹಾಕಿದರೆ ಅದರ ಖರ್ಚು, ಅದು ಹೊರಚೆಲ್ಲುವ ನೀರು, ಎರಡೂ ಲೆಕ್ಕಕ್ಕೆ ಬರಬೇಕು. ಇನ್ನು ಪೈಪಿನೊಳಗೆ ನೀರಿನ ತೆಳು ಪದರ ಹರಿಸುವ ಪದ್ಧತಿಯಲ್ಲಿ ಬಿಸಿಲು ಹೊತ್ತು ಕರೆಂಟ್ ಹೋದರೆ ಗಿಡ ಬಾಡಲು ಕೆಲವೇ ಗಂಟೆ ಸಾಕು.

ಮೂರು, ಮಾರುಕಟ್ಟೆ. ಲೆಟ್ಯೂಸ್ ಬೆಳೆಯುವುದು ಕಷ್ಟವಲ್ಲ, ದಿನವೂ ಕೊಳ್ಳುವವರು ಬೇಕು. ಪಾಲಕ್, ಕೊತ್ತಂಬರಿ ಬೆಳೆದರೆ ಪೈಪೋಟಿ ಮಣ್ಣಿನಲ್ಲೇ ಬೆಳೆದು ಅಗ್ಗಕ್ಕೆ ಮಾರುವ ಮಾಲೂರಿನ, ಚಿಕ್ಕಬಳ್ಳಾಪುರದ ರೈತನ ಜೊತೆ. ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರ್ ಬಂಡವಾಳ ಎತ್ತಿದ ಏರೋಫಾರ್ಮ್ಸ್ ಕಂಪನಿ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಬೋವರಿ ಫಾರ್ಮಿಂಗ್ 2024ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ತಂತ್ರಜ್ಞಾನಕ್ಕೂ ಹಣಕ್ಕೂ ಬರವಿಲ್ಲದವರ ಗತಿಯೇ ಹೀಗಾದರೆ ನಮ್ಮ ನಿಮ್ಮ ಉಳಿತಾಯದ ಪಾಡೇನು?

ಹಾಗೆಂದು ನಾನು ಈ ವಿದ್ಯೆಯ ವಿರೋಧಿಯಲ್ಲ. ಮನೆಗೆ ಬೇಕಾದ ಸೊಪ್ಪಿಗೆ ಇದು ಬಹಳ ಚೆನ್ನ. ಭಾರತಕ್ಕೆ ಹೊಸದೂ ಅಲ್ಲ. ಜೇಮ್ಸ್ ಶೋಲ್ಟೊ ಡಗ್ಲಾಸ್ ಬಂಗಾಳದಲ್ಲಿ ಕಡಿಮೆ ಖರ್ಚಿನ ಪದ್ಧತಿಯೊಂದನ್ನು ರೂಪಿಸಿ 1951ರಲ್ಲೇ ಪುಸ್ತಕ ಬರೆದಿದ್ದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯಲೆಂದೇ 'ಅರ್ಕಾ ಸಸ್ಯ ಪೋಷಕ ರಸ' ಎಂಬ ದ್ರವವನ್ನು ಸಿದ್ಧಪಡಿಸಿದೆ. ರಜೆಗೆ ಹೋದಾಗ ಪಾಲಿಹೌಸ್ ಏಜೆಂಟರ ಕಚೇರಿಗೆ ಹೋಗುವ ಮೊದಲು ಹೆಸರಘಟ್ಟಕ್ಕೆ ಹೋಗಿ ಬನ್ನಿ.

ಸಾಫ್ಟ್‌ವೇರಿನಲ್ಲಿ ನಾವು ಚಿಕ್ಕ ಪರೀಕ್ಷೆ ಮಾಡದೆ ಏನನ್ನೂ ಗ್ರಾಹಕರ ಕೈಗೆ ಕೊಡುವುದಿಲ್ಲ. ನಮ್ಮದೇ ದುಡ್ಡು ಎಂದಾಗ ಆ ಶಿಸ್ತು ಎಲ್ಲಿ ಹೋಗುತ್ತದೆ? ಜಮೀನು ಕೊಳ್ಳುವ ಯೋಚನೆ ಇರುವ ಊರಿನಲ್ಲೇ, ಅದೇ ಬೋರ್‌ವೆಲ್ ನೀರಿನಲ್ಲಿ, ಅಣ್ಣನೋ ತಂಗಿಯೋ ನೋಡಿಕೊಳ್ಳುವಂತೆ ಹತ್ತು ಬಕೆಟ್ ಇಡಿಸಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಎಷ್ಟು ಬದುಕಿತು, ಎಷ್ಟು ತೂಗಿತು, ಅಕ್ಕಪಕ್ಕದವರು ಎಷ್ಟು ಕೊಟ್ಟು ಕೊಂಡರು ಎಂದು ಬರೆದಿಡಿ. ಆ ಲೆಕ್ಕ ಕೈಯಲ್ಲಿರುವಾಗ ಪಿಡಿಎಫ್ ತೆರೆದು ಓದಿ. ನಿಮ್ಮ ಅಂಕಿಗಳನ್ನು ಈ ಪತ್ರಿಕೆಗೂ ಕಳಿಸಿ, ಕನ್ನಡದಲ್ಲಿ. ಮುಂದೆ ಊರಿಗೆ ಮರಳುವವರಿಗೆ ಯಾವ ಏಜೆಂಟರ ಮಾತಿಗಿಂತಲೂ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.