ಅಂಗಡಿ ಮುಚ್ಚಿದ ಮೇಲೆ ಹೆಸರಿನ ಗತಿ



ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಮನೆಯ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ ನನ್ನ ತಂಗಿಯ ಮಗ ಹೇಳಿದ ಒಂದು ಮಾತು ಇನ್ನೂ ನನ್ನ ಗಂಟಲಲ್ಲಿಯೇ ಇದೆ. ಅವನು ಬೆಂಗಳೂರಿನಲ್ಲಿ ಮಾರುಕಟ್ಟೆ ಶಾಸ್ತ್ರ ಓದಿ ಒಳ್ಳೆಯ ಹುದ್ದೆಯಲ್ಲಿರುವ ಹುಡುಗ. "ಮಾವ, ಕಂಪನಿ ಸಾಯಬಹುದು, ಬ್ರ್ಯಾಂಡ್ ಸಾಯುವುದಿಲ್ಲ. ಅಂಗಡಿ ದಿವಾಳಿಯಾದರೆ ಹೆಸರನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಅದು ಮತ್ತೆ ಬದುಕುತ್ತದೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ" ಎಂದನು. ಹೋಳಿಗೆ ಬಡಿಸುತ್ತಿದ್ದ ಹೊತ್ತಾದ್ದರಿಂದ ನಾನು ಸುಮ್ಮನಾದೆ. ಅವನೂ ಈ ಪುಟವನ್ನು ಓದುತ್ತಾನೆಂದು ತಿಳಿದೇ ಈಗ ಉತ್ತರ ಬರೆಯುತ್ತಿದ್ದೇನೆ. ಯಾರಿಗೂ ನಷ್ಟವಿಲ್ಲ ಎಂಬ ಅವನ ಮಾತು ತಪ್ಪು. ನಷ್ಟವಾದದ್ದು ಬೇರೆ ಯಾರಿಗೂ ಅಲ್ಲ, ಅವನ ಹೆತ್ತ ತಾಯಿಗೆ.

ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ದೊಡ್ಡ ಉದಾಹರಣೆಯನ್ನು ನೋಡೋಣ.

ನಿವೃತ್ತನಾದ ವರ್ಷ, ಅಂದರೆ 2019ರಲ್ಲಿ, ಮಗಳ ಮನೆಗೆಂದು ಅಮೆರಿಕದ ಷಿಕಾಗೋ ನಗರದ ಹೊರವಲಯಕ್ಕೆ ಹೋಗಿ ನಾಲ್ಕು ತಿಂಗಳು ಇದ್ದೆ. ಅವರು ಬಾಡಿಗೆಗೆ ಹಿಡಿದಿದ್ದ ಮನೆಯ ನೆಲಮಾಳಿಗೆಯಲ್ಲಿ ಒಂದು ಹಳೆಯ ಬಟ್ಟೆ ಒಗೆಯುವ ಯಂತ್ರವಿತ್ತು. ವಯಸ್ಸು ಇಪ್ಪತ್ತು ದಾಟಿದ್ದರೂ ಗೊಣಗದೆ ದುಡಿಯುತ್ತಿತ್ತು. ಅದರ ಮೇಲೆ ಕೆನ್‌ಮೋರ್ ಎಂಬ ಹೆಸರಿತ್ತು. ಮಾಡಲು ಕೆಲಸವಿಲ್ಲದ ಮೇಷ್ಟರು ಏನು ಸಿಕ್ಕಿದರೂ ಓದುತ್ತಾರಷ್ಟೆ. ನಾನು ಮುಚ್ಚಳ ತೆಗೆದು ಒಳಗಿನ ಫಲಕವನ್ನು ಓದಿದೆ. ಮಾದರಿ ಸಂಖ್ಯೆಯು 110 ಎಂಬ ಅಂಕಿಯಿಂದ ಆರಂಭವಾಗಿ, ಒಂದು ಚುಕ್ಕೆಯ ಬಳಿಕ ಉಳಿದ ಅಂಕಿಗಳು ಬರುತ್ತಿದ್ದವು. ಪಕ್ಕದ ಮನೆಯಲ್ಲಿ ಯಂತ್ರಗಳ ರಿಪೇರಿ ಮಾಡಿ ನಿವೃತ್ತರಾದ ವೃದ್ಧರೊಬ್ಬರಿದ್ದರು. ಅವರು ನಕ್ಕು ಗುಟ್ಟು ಬಿಡಿಸಿದರು: 110 ಎಂದರೆ ವರ್ಲ್‌ಪೂಲ್; 253 ಎಂದಿದ್ದರೆ ಫ್ರಿಜಿಡೇರ್; 795 ಎಂದಿದ್ದರೆ ಎಲ್‌ಜಿ. ಕೆನ್‌ಮೋರ್ ಎಂಬ ಕಾರ್ಖಾನೆ ಲೋಕದಲ್ಲಿ ಎಲ್ಲಿಯೂ ಇಲ್ಲವಂತೆ!

ಮನೆ ಮನೆಗೂ ಗೊತ್ತಿದ್ದ ಆ ಹೆಸರಿಗೆ ಸ್ವಂತದ ಕುಲುಮೆಯೂ ಇರಲಿಲ್ಲ, ಸುತ್ತಿಗೆಯೂ ಇರಲಿಲ್ಲ. ಅದು ಸಿಯರ್ಸ್ ಎಂಬ ಅಂಗಡಿಯ ಹೆಸರು. 1913ರಲ್ಲಿ ಹೊಲಿಗೆ ಯಂತ್ರದ ಮೇಲೆ ಮೊದಲು ಅಂಟಿಕೊಂಡು, 1927ರಲ್ಲಿ ಬಟ್ಟೆ ಒಗೆಯುವ ಯಂತ್ರದ ಮೇಲೆ ಬಂದು, ಮುಂದೆ ಫ್ರಿಜ್ಜು, ಒಲೆ, ಪಾತ್ರೆ ತೊಳೆಯುವ ಯಂತ್ರ ಎಲ್ಲದರ ಮೇಲೂ ಕುಳಿತ ಹೆಸರು. ಮಾಡಿದವರು ಬೇರೆ, ಮಾರಿದವರು ಬೇರೆ. ಆದರೆ ಕೊಂಡವರಿಗೆ ಮಾತು ಕೊಟ್ಟವರು ಸಿಯರ್ಸ್‌ನವರು. ಯಂತ್ರ ಕೆಟ್ಟರೆ ಅವರದೇ ಜನ ಮನೆಗೆ ಬರುತ್ತಿದ್ದರು, ಬಿಡಿಭಾಗ ಅವರದೇ ಉಗ್ರಾಣದಿಂದ ಬರುತ್ತಿತ್ತು. ಹೀಗಾಗಿ ತಯಾರಕ ಯಾರೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ.

ಸಿಯರ್ಸ್ ಎಂದರೆ ಸಾಮಾನ್ಯ ಅಂಗಡಿಯಲ್ಲ. 1886ರಲ್ಲಿ ರಿಚರ್ಡ್ ಸಿಯರ್ಸ್ ಎಂಬ ರೈಲ್ವೆ ನೌಕರ ಜೇಬುಗಡಿಯಾರ ಮಾರಲು ತೊಡಗಿದ್ದರಿಂದ ಹುಟ್ಟಿದ ಸಂಸ್ಥೆ ಅದು. ಹಳ್ಳಿಯ ರೈತರಿಗೆ ಅಂಚೆಯಲ್ಲಿ ದಪ್ಪ ಪುಸ್ತಕ ಕಳುಹಿಸಿ, ಸೂಜಿಯಿಂದ ಹಿಡಿದು ಇಡೀ ಮನೆಯ ಮರಮುಟ್ಟಿನವರೆಗೆ ಮಾರಿದರು. ಹೌದು, ಮನೆಯನ್ನೇ! 1908ರಿಂದ 1940ರವರೆಗೆ ಜೋಡಿಸಿಕೊಳ್ಳುವ ಮನೆಗಳ ಸಾಮಗ್ರಿ ರೈಲಿನಲ್ಲಿ ಬರುತ್ತಿತ್ತು. ನಾನು ಮೇಷ್ಟರಾದ್ದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಈ ಸಂಸ್ಥೆಯ ಅಧ್ಯಕ್ಷರಾಗಿದ್ದ ಜೂಲಿಯಸ್ ರೋಸನ್‌ವಾಲ್ಡ್ ಅವರು ಬೂಕರ್ ಟಿ. ವಾಷಿಂಗ್ಟನ್ ಅವರೊಡನೆ ಸೇರಿ, ದಕ್ಷಿಣ ಅಮೆರಿಕದ, ಅಲ್ಲ, ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳನ್ನು ಕಟ್ಟಲು ಹಣ ಕೊಟ್ಟರು. (ಭೂಗೋಳದ ಪಾಠದಲ್ಲಿ ಇದೇ ತಪ್ಪು ಮಾಡಿದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಕ್ಷಮೆಯಿರಲಿ.) ವ್ಯಾಪಾರದ ಲಾಭ ಶಾಲೆಯಾಗಿ ಮಾರ್ಪಟ್ಟ ಕಾಲವೂ ಇತ್ತೆಂದು ಹೇಳಲು ಇಷ್ಟು ಬರೆದೆ.

ಅಂಥ ಸಂಸ್ಥೆ ಹೇಗೆ ಕರಗಿತು? ಜಾಲದ ವ್ಯಾಪಾರ ಬಂತು, ಜನರ ಅಭಿರುಚಿ ಬದಲಾಯಿತು ಎಂದು ನನ್ನ ಸೋದರಳಿಯ ಹೇಳುತ್ತಾನೆ. ಅದು ಅರ್ಧ ಸತ್ಯ. 2005ರಲ್ಲಿ ಕೆಮಾರ್ಟ್ ಎಂಬ ಇನ್ನೊಂದು ಅಂಗಡಿ ಜಾಲದೊಡನೆ ಅದು ಒಂದಾದಾಗ ಎರಡೂ ಸೇರಿ ಸುಮಾರು 3,500 ಮಳಿಗೆಗಳಿದ್ದವು. ಚುಕ್ಕಾಣಿ ಹಿಡಿದವರು ಎಡ್ಡಿ ಲ್ಯಾಂಪರ್ಟ್ ಎಂಬ ಹೂಡಿಕೆದಾರರು. ಆಮೇಲೆ ಮನೆಯ ಒಂದೊಂದೇ ತೊಲೆ ಬಿಚ್ಚಿ ಮಾರಿದಂತಾಯಿತು. 2014ರಲ್ಲಿ ಉಡುಪಿನ ವಿಭಾಗವೊಂದನ್ನು ಬೇರ್ಪಡಿಸಿದರು. 2015ರಲ್ಲಿ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಬೇರೊಂದು ಸಂಸ್ಥೆಗೆ ಮಾರಿ, ತಮ್ಮ ಮಳಿಗೆಗಳಿಗೆ ತಾವೇ ಬಾಡಿಗೆ ಕೊಡತೊಡಗಿದರು. 2017ರಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹತಾರಗಳ ಹೆಸರನ್ನು ಮಾರಿದರು. ಅದೇ ವರ್ಷ ವರ್ಲ್‌ಪೂಲ್ ಸಂಸ್ಥೆಯು ನೂರು ವರ್ಷದ ನಂಟನ್ನು ಕಡಿದುಕೊಂಡು, ತನ್ನ ಸ್ವಂತ ಹೆಸರಿನ ಸರಕನ್ನು ಅಲ್ಲಿ ಮಾರುವುದನ್ನು ನಿಲ್ಲಿಸಿತು. 2018ರ ಅಕ್ಟೋಬರ್ 15ರಂದು ಸಿಯರ್ಸ್ ದಿವಾಳಿ ಅರ್ಜಿ ಸಲ್ಲಿಸಿದಾಗ ಉಳಿದಿದ್ದವು ಸುಮಾರು 700 ಮಳಿಗೆಗಳು. ಮರುವರ್ಷ ಫೆಬ್ರುವರಿಯಲ್ಲಿ ಉಳಿದದ್ದನ್ನು ನ್ಯಾಯಾಲಯದ ಒಪ್ಪಿಗೆಯೊಂದಿಗೆ ಸುಮಾರು 520 ಕೋಟಿ ಡಾಲರಿಗೆ ಕೊಂಡದ್ದು ಅದೇ ಲ್ಯಾಂಪರ್ಟರ ಸಂಸ್ಥೆ. ಕೆನ್‌ಮೋರ್ ಎಂಬ ಹೆಸರೂ ಆ ಗಂಟಿನಲ್ಲಿಯೇ ಹೋಯಿತು.

ನಾನು ಅಲ್ಲಿದ್ದಾಗ ಅಳಿಯಂದಿರು ಷಾಂಬರ್ಗ್ ಎಂಬಲ್ಲಿನ ಸಿಯರ್ಸ್ ಮಳಿಗೆಗೆ ಕರೆದೊಯ್ದರು. ಬೇಸಿಗೆ ರಜೆಯ ಶಾಲೆಯಂತಿತ್ತು. ದೀಪಗಳು ಉರಿಯುತ್ತಿದ್ದವು, ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು, ಕೇಳುವವರಿರಲಿಲ್ಲ. ಆ ಮಳಿಗೆಯೂ 2021ರಲ್ಲಿ ಮುಚ್ಚಿತು. ಇಲಿನಾಯ್ ರಾಜ್ಯದಲ್ಲಿ ಅದೇ ಕೊನೆಯದು.

ಈಗ ಹೆಸರುಗಳ ಗತಿಯನ್ನು ಗಮನಿಸಿ. ಒಂದೇ ಮನೆಯ ಮೂವರು ಮಕ್ಕಳು ಅನಾಥರಾದಾಗ ಬೇರೆ ಬೇರೆ ಮನೆ ಸೇರಿದಂತೆ. ಕ್ರಾಫ್ಟ್ಸ್‌ಮನ್ ಸೇರಿದ್ದು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಎಂಬ ಹತಾರ ತಯಾರಕರ ಮನೆಗೆ. ಸ್ವತಃ ಸ್ಪ್ಯಾನರು, ಸುತ್ತಿಗೆ ಮಾಡುವವರಾದ್ದರಿಂದ, ಸಿಯರ್ಸ್ ಮಾರಿದ್ದ ಹಳೆಯ ಕೈಹತಾರಗಳ ಆಜೀವ ಖಾತರಿಯನ್ನೂ ಅವರು ವಹಿಸಿಕೊಂಡರು. ಡೈಹಾರ್ಡ್ ಎಂಬ ಬ್ಯಾಟರಿಯ ಹೆಸರನ್ನು 2019ರಲ್ಲಿ ವಾಹನದ ಬಿಡಿಭಾಗಗಳ ವ್ಯಾಪಾರಿಗಳು 20 ಕೋಟಿ ಡಾಲರಿಗೆ ಕೊಂಡರು. ಕೆನ್‌ಮೋರ್‌ಗೆ ಮಾತ್ರ ಕುಶಲಕರ್ಮಿಯ ಮನೆ ಸಿಗಲಿಲ್ಲ. ಸಾಲಗಾರನೂ ಒಡೆಯನೂ ಆಗಿದ್ದವರ ಕೈಯಲ್ಲಿಯೇ ಅದು ಉಳಿಯಿತು. 2018ರಲ್ಲಿ ಅದೊಂದಕ್ಕೇ 40 ಕೋಟಿ ಡಾಲರ್ ಕೊಡುವೆವೆಂದು ಅವರೇ ಹೇಳಿದ್ದರು! ಇಂದು ಆ ಹೆಸರು ಪರವಾನಗಿ ಪಡೆದವರ ಧೂಳು ಹೀರುವ ಯಂತ್ರದ ಮೇಲೆ, ಮಾಂಸ ಸುಡುವ ಒಲೆಯ ಮೇಲೆ, ಸಣ್ಣಪುಟ್ಟ ಅಡುಗೆ ಸಾಧನಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಸೋದರಳಿಯನ ಭಾಷೆಯಲ್ಲಿ ಅದು ಬದುಕಿದೆ.

ಕೆನಡಾದಲ್ಲಿ ನಡೆದದ್ದನ್ನೂ ಹೇಳಬೇಕು. ಅಲ್ಲಿಯ ಸಿಯರ್ಸ್ ಬೇರೆಯೇ ಸಂಸ್ಥೆಯಾಗಿತ್ತು. 2017ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಲು ನ್ಯಾಯಾಲಯ ಒಪ್ಪಿತು; ಜನರು ಹೆಚ್ಚುವರಿ ಹಣ ತೆತ್ತು ಕೊಂಡಿದ್ದ ವಿಸ್ತರಿತ ಖಾತರಿಗಳು ಅದೇ ತಿಂಗಳು ರದ್ದಿ ಕಾಗದವಾದವು. ನಿವೃತ್ತ ನೌಕರರ ಪಿಂಚಣಿ ನಿಧಿಯಲ್ಲಿಯೂ ಕೊರತೆ ಬಿತ್ತು. ಪ್ರತಿ ತಿಂಗಳು ಪಿಂಚಣಿಯ ಸಂದೇಶಕ್ಕಾಗಿ ಮೊಬೈಲು ನೋಡುವ ನಾನು ಆ ಸುದ್ದಿ ಓದಿ ಅಂದು ಊಟ ಸರಿಯಾಗಿ ಮಾಡಲಿಲ್ಲ.

ಇನ್ನು ನಮ್ಮ ಮನೆಯ ಕಥೆ. ನನ್ನ ತಂಗಿ ನಮ್ಮ ಊರಿಗೆ ಹತ್ತಿರದ ನಗರದ ದೊಡ್ಡ ಮಳಿಗೆಯೊಂದರಲ್ಲಿ ಫ್ರಿಜ್ಜು ಕೊಂಡಳು. ಮಳಿಗೆಯ ಹೆಸರು ಹೇಳುವುದಿಲ್ಲ. ಮುಚ್ಚಿಹೋದ ಅಂಗಡಿಯನ್ನು ಬೈದು ಪ್ರಯೋಜನವಿಲ್ಲ. ಫ್ರಿಜ್ಜಿನ ಮೇಲಿದ್ದದ್ದು ಮಳಿಗೆಯದೇ ಸ್ವಂತ ಹೆಸರು. ಕಂಪ್ರೆಸರಿಗೆ ಹತ್ತು ವರ್ಷದ ಖಾತರಿ, ಉಳಿದದ್ದಕ್ಕೆ ಒಂದು ವರ್ಷ, ಮೇಲೆ ಹಣ ಕೊಟ್ಟು ಕೊಂಡ ಇನ್ನೆರಡು ವರ್ಷ. ಕಾರ್ಡಿನ ಮೇಲೆ ಗುಂಡಗಿನ ಮೊಹರು. ಮಳಿಗೆ ಮುಚ್ಚಿತು. ಐದನೆಯ ವರ್ಷ ಕಂಪ್ರೆಸರು ನಿಂತಿತು. ಕಾರ್ಡಿನಲ್ಲಿದ್ದ ದೂರವಾಣಿ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಿತು. ಆಶ್ಚರ್ಯವೆಂದರೆ ಅದೇ ಹೆಸರಿನ ಹೊಸ ಫ್ರಿಜ್ಜುಗಳು ಜಾಲದಲ್ಲಿ ಮಾರಾಟಕ್ಕಿದ್ದವು! ಆ ಹೊಸಬರಿಗೆ ಬರೆದರೆ, ಹೆಸರನ್ನು ಮಾತ್ರ ಪಡೆದಿದ್ದೇವೆ, ಹಿಂದಿನ ಮಾರಾಟಕ್ಕೆ ಹೊಣೆಯಲ್ಲ ಎಂಬ ಎರಡು ಸಾಲಿನ ಉತ್ತರ ಬಂತು.

ನನ್ನ ಆಕ್ಷೇಪವೆಲ್ಲ ಈ ಎರಡು ಸಾಲಿನ ಮೇಲೆ. ಆ ಹೆಸರಿಗೆ ಬೆಲೆ ಬಂದದ್ದು ಎಲ್ಲಿಂದ? ತಯಾರಿಸಿದ್ದು ಇನ್ನಾರೋ ಆದ ಮೇಲೆ ಕುಶಲತೆಯಿಂದ ಬರಲಿಲ್ಲ. ನನ್ನ ತಂಗಿಯಂಥವರು ಮೊಹರನ್ನು ನಂಬಿದ್ದರಿಂದ ಬಂತು. ಹೆಸರಿನ ಒಳಗಿರುವ ಸಂಪತ್ತು ಎಂದರೆ ಕೊಟ್ಟ ಮಾತು ಮತ್ತು ಅದನ್ನು ನಂಬಿದ ಜನ. ಮಾತನ್ನು ಹಿಂದೆ ಬಿಟ್ಟು ನಂಬಿಕೆಯನ್ನು ಮಾತ್ರ ಕೊಂಡುಕೊಳ್ಳುತ್ತೇನೆ ಎನ್ನುವುದು, ಅಪ್ಪನ ಜಮೀನು ಬೇಕು, ಅಪ್ಪನ ಸಾಲ ಬೇಡ ಎಂದ ಹಾಗೆ. ನಮ್ಮ ಹಳ್ಳಿಗಳಲ್ಲಿ ಹಾಗೆ ಹೇಳಿದ ಮಗನಿಗೆ ಪಂಚಾಯಿತಿ ಕಟ್ಟೆಯ ಮೇಲೆ ಏನಾಗುತ್ತಿತ್ತೆಂದು ಹಿರಿಯರು ಬಲ್ಲರು.

ಸೋದರಳಿಯ ಒಂದು ಗಟ್ಟಿಯಾದ ವಾದ ಹೂಡುತ್ತಾನೆಂದು ಬಲ್ಲೆ. ಹಳೆಯ ಖಾತರಿಗಳ ಹೊರೆ ಹೊರಿಸಿದರೆ ಹೆಸರನ್ನು ಯಾರೂ ಒಳ್ಳೆಯ ಬೆಲೆಗೆ ಕೊಳ್ಳುವುದಿಲ್ಲ. ಆಗ ನೌಕರರಿಗೆ, ಸಾಲಿಗರಿಗೆ ಸಿಗುವ ಹಣವೂ ಕಡಿಮೆಯಾಗುತ್ತದೆ. ಇದು ನಿಜ. ಪಿಂಚಣಿದಾರರ ಮಾತೆತ್ತಿದವನು ನಾನೇ ಆದ್ದರಿಂದ ತಳ್ಳಿಹಾಕಲಾರೆ. ಆದರೆ ಈಗಿನ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ನನ್ನ ತಂಗಿಯ ಜೇಬಿನಿಂದ, ಅವಳನ್ನು ಕೇಳದೆ ತೆಗೆದದ್ದು. ನೌಕರನ ಬಾಕಿಯನ್ನು ಸಂಸ್ಥೆಯನ್ನು ಬರಿದು ಮಾಡಿದವರಿಂದ ವಸೂಲು ಮಾಡಬೇಕೇ ಹೊರತು ಗಿರಾಕಿಯ ಅಡುಗೆಮನೆಯಿಂದಲ್ಲ. ಕ್ರಾಫ್ಟ್ಸ್‌ಮನ್ ಕೊಂಡವರು ಹಳೆಯ ಹತಾರಗಳ ಖಾತರಿ ಹೊತ್ತೂ ಕೊಂಡರಲ್ಲವೇ? ಅದು ಮುಳುಗಿದ ವ್ಯವಹಾರವೇನಲ್ಲ.

ನಮ್ಮ ಕಾನೂನು ಏನು ಹೇಳುತ್ತದೆಂದು ಹುಡುಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಒಂದು ಜಾಣತನ ಮಾಡಿದೆ: ಬೇರೆಯವರು ಮಾಡಿದ ವಸ್ತುವಿನ ಮೇಲೆ ತನ್ನ ಗುರುತು ಹಾಕುವವನನ್ನೂ ತಯಾರಕನೆಂದೇ ಅದು ಕರೆಯುತ್ತದೆ. ಓದಿ ಸಂತೋಷಪಟ್ಟೆ. ಮುಂದೆ ಓದಿದರೆ, ಉತ್ಪನ್ನ ಹೊಣೆಗಾರಿಕೆಯ ಆ ಅಧ್ಯಾಯ ವಸ್ತುವಿನಿಂದ ಬೇರೆಯದಕ್ಕೆ ಆದ ಹಾನಿಗೆ ಮಾತ್ರ. ವಸ್ತುವಿಗೇ ಆದ ಹಾನಿ, ಖಾತರಿ ಭಂಗ ಅದರಲ್ಲಿ ಸೇರುವುದಿಲ್ಲ. ಫ್ರಿಜ್ಜು ಸಿಡಿದು ಕೈ ಸುಟ್ಟರೆ ಒಂದು ದಾರಿ, ಸುಮ್ಮನೆ ಮೌನವಾದರೆ ಇನ್ನೊಂದು ದಾರಿ! ದಿವಾಳಿ ಸಂಹಿತೆಯನ್ನು 2018ರಲ್ಲಿ ತಿದ್ದಿ, ಮನೆ ಕೊಳ್ಳಲು ಮುಂಗಡ ಕೊಟ್ಟವರಿಗೆ ಹಣಕಾಸು ಸಾಲಿಗರ ಸ್ಥಾನ ಕೊಟ್ಟರು. ಒಳ್ಳೆಯದೇ ಆಯಿತು. ಖಾತರಿಗೆಂದು ಮುಂಗಡವಾಗಿ ಹಣ ಕೊಟ್ಟ ಗೃಹಿಣಿಯನ್ನು ಮಾತ್ರ ಯಾರೂ ನೆನೆಯಲಿಲ್ಲ. ನನ್ನ ಬೇಡಿಕೆ ಇಷ್ಟೇ: ವಿಸ್ತರಿತ ಖಾತರಿಯ ಹಣವನ್ನು ಅಂಗಡಿ ತನ್ನ ಖರ್ಚಿಗೆ ಬಳಸದೆ ಬೇರೆ ಖಾತೆಯಲ್ಲಿಡಬೇಕು, ಮತ್ತು ಹೆಸರು ಕೊಂಡವನು ಆ ಹೆಸರಿನ ಜೀವಂತ ಖಾತರಿಗಳನ್ನೂ ಕೊಳ್ಳಬೇಕು.

ಕೊನೆಗೆ ಫ್ರಿಜ್ಜನ್ನು ನೋಡಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ 36 ಅಂಕ ಪಡೆದು ಪಾಸಾದವನು, ಈಗ ನಮ್ಮ ಬೀದಿಯಲ್ಲಿ ಅವನಿಗಿಂತ ಹೆಚ್ಚು ಬೇಡಿಕೆಯಿರುವವರು ಯಾರೂ ಇಲ್ಲ. ಹಿಂಬದಿ ಬಿಚ್ಚಿದವನು, "ಸಾರ್, ಹೆಸರು ಮಾತ್ರ ಅವರದು, ಮಾಲು ಬೇರೆಯವರದು. ಖಾಲಿ ಪೆಟ್ಟಿಗೆ ಇದೆಯಾ?" ಎಂದು ಕೇಳಿದ. ಪುಣ್ಯಕ್ಕೆ ಆ ರಟ್ಟಿನ ಪೆಟ್ಟಿಗೆಯಲ್ಲಿ ತಂಗಿ ದಸರಾ ಗೊಂಬೆಗಳನ್ನು ತುಂಬಿ ಅಟ್ಟದ ಮೇಲಿಟ್ಟಿದ್ದಳು. ಗೊಂಬೆಗಳನ್ನೆಲ್ಲ ಚಾಪೆಯ ಮೇಲೆ ಇಳಿಸಿ, ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ಕನ್ನಡಕಕ್ಕೂ ಸುಲಭವಾಗಿ ಎಟುಕದ ಅಕ್ಷರಗಳಲ್ಲಿ ಅಚ್ಚಾಗಿದ್ದ ತಯಾರಕರ ಹೆಸರು, ವಿಳಾಸ ಓದಿದೆವು. ಪೊಟ್ಟಣದ ಮೇಲೆ ಅದು ಇರಲೇಬೇಕೆಂದು ನಿಯಮವಿದೆ. ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದರೆ ಆ ನಿಯಮದಿಂದ ನಮಗೆ ಏನೂ ಸಿಗುತ್ತಿರಲಿಲ್ಲ.

ತಯಾರಕರಿಗೂ, ಹೆಸರು ಕೊಂಡವರಿಗೂ ಇಬ್ಬರಿಗೂ ನೋಂದಾಯಿತ ಅಂಚೆಯಲ್ಲಿ ಪತ್ರ ಹೋಗಿದೆ. ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ದೂರಿನ ಕರಡು ನಾನೇ ಬರೆದಿದ್ದೇನೆ. ಅದನ್ನು ಒಪ್ಪವಾಗಿ ಟೈಪು ಮಾಡಿಕೊಡುವ ಕೆಲಸವನ್ನು, ತಾಯಿಯ ಮುಂದೆಯೇ, ಸೋದರಳಿಯನಿಗೆ ಒಪ್ಪಿಸಿದ್ದೇನೆ.