ಕಾಡು ಬಲ್ಲವನಿಗೆ ಮಂತ್ರ ಯಾಕೆ?

ಹೋದ ತಿಂಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಜಗಳ ಆಯ್ತು. ಹೊರಗೆ ಕ್ಯಾಲ್ಗರಿಯ ಹಿಮ. ಒಳಗೆ ಐದು ಜನ ಹದಿಹರೆಯದವರು, ದಾಳಗಳು, ಒಂದು ಡಬ್ಬಿ ಚಕ್ಕುಲಿ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಡಿಎಂ, ಅಂದರೆ ಕಥೆ ನಡೆಸುವವನು, ನಾನು. ಮಗಳ ಪಾತ್ರ ರೇಂಜರ್, ಕಾಡಿನಲ್ಲೇ ಬೆಳೆದ ಬೇಟೆಗಾರ್ತಿ. ತಂಡದ ಬುತ್ತಿ ಖಾಲಿಯಾಗಿತ್ತು, ಮುಂದೆ ಮೂರು ದಿನದ ಕಾಡುದಾರಿ. ಈಗ ಶುರುವಾಗುತ್ತೆ ಮಜಾ ಅಂತ ನಾನು ಕಾಯ್ತಾ ಇದ್ದೆ. ಅವಳು ತಣ್ಣಗೆ ‘ಗುಡ್‌ಬೆರಿ’ ಅಂದಳು. ಒಂದು ಮಂತ್ರ, ಹತ್ತು ಹಣ್ಣು, ಒಂದು ಹಣ್ಣು ತಿಂದರೆ ಒಬ್ಬರಿಗೆ ಇಡೀ ದಿನದ ಊಟ. ಹಸಿವು ಮುಗೀತು. ಕಾಡೂ ಮುಗೀತು.

‘ಅಪ್ಪಾ, ಪುಸ್ತಕದಲ್ಲಿ ಹಾಗೇ ಇದೆಯಲ್ಲ!’ ಅಂದಳು. ಇದೆ. ನನ್ನ ತಕರಾರು ಇರೋದು ಆ ಪುಸ್ತಕದ ಮೇಲೇ.

ರೇಂಜರ್ ಈ ಆಟಕ್ಕೆ ಬಂದದ್ದು 1975ರಲ್ಲಿ. ಅದರ ಹಿಂದೆ ಟಾಲ್ಕಿನ್‌ರ ಅರಗಾರ್ನ್‌ನ ನೆರಳು ಎದ್ದು ಕಾಣುತ್ತೆ. ಆ ಕಾದಂಬರಿ ಓದಿದವರಿಗೆ ನೆನಪಿರಬಹುದು: ಕತ್ತರಿಸಿದ ಹಗ್ಗದ ತುಂಡು, ಒಂದು ಎಲೆ, ಅದರ ಮೇಲೆ ರೊಟ್ಟಿಯ ಚೂರು. ಇಷ್ಟರಿಂದಲೇ ಕಳೆದುಹೋದ ಹಾಬಿಟ್‌ಗಳಿಗೆ ಏನಾಯ್ತು ಅಂತ ಅವನು ಲೆಕ್ಕ ಹಾಕುತ್ತಾನೆ. ಅಲ್ಲಿ ಮಂತ್ರ ಇಲ್ಲ, ಕಣ್ಣು ಮತ್ತು ತಲೆ ಇವೆ. ಆದರೆ 1978ರ ನಿಯಮಪುಸ್ತಕದಲ್ಲೇ ಎಂಟನೇ ಹಂತ ಮುಟ್ಟಿದ ರೇಂಜರ್ ಡ್ರೂಯಿಡ್‌ಗಳ ಮಂತ್ರ ಕಲಿಯೋಕೆ ಶುರು ಮಾಡಿದ. 2014ರ ಆವೃತ್ತಿಯಲ್ಲಿ ಎರಡನೇ ಹಂತಕ್ಕೇ ಮಂತ್ರ. 2024ರಲ್ಲಿ ಮೊದಲನೇ ಹಂತಕ್ಕೇ! ಈಗ ಆ ಕ್ಲಾಸ್‌ನ ಬೆನ್ನೆಲುಬೇ ‘ಹಂಟರ್ಸ್ ಮಾರ್ಕ್’ ಅನ್ನೋ ಮಂತ್ರ. ಇಪ್ಪತ್ತನೇ ಹಂತದ ಮಹಾ ಬಹುಮಾನ ಏನು ಗೊತ್ತಾ? ಆ ಮಂತ್ರದ ಹೆಚ್ಚುವರಿ ಪೆಟ್ಟಿಗೆ ಆರು ಮುಖದ ದಾಳದ ಬದಲು ಹತ್ತು ಮುಖದ್ದು. ಜೀವನವಿಡೀ ಕಾಡು ಅಲೆದವನಿಗೆ ಸಿಕ್ಕಿದ್ದು ಇಷ್ಟು.

ಇದು ಬರೀ ಆಟದ ವಿಷಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಬಂಡೀಪುರಕ್ಕೆ ಹೋಗಿದ್ದೆವು. ನಮ್ಮ ಗೈಡ್ ಕಾಡಿನ ಅಂಚಿನ ಹಳ್ಳಿಯವರು, ಐವತ್ತು ದಾಟಿದವರು. ಒಂದು ತಿರುವಿನಲ್ಲಿ ಜೀಪ್ ನಿಲ್ಲಿಸಿ ಇಂಜಿನ್ ಆಫ್ ಮಾಡಿಸಿದರು. ದೂರದಲ್ಲಿ ಜಿಂಕೆ ಕೂಗಿತು. ಆಮೇಲೆ ಮರದ ಮೇಲಿಂದ ಮುಸುವ ಕೆಮ್ಮಿದ ಹಾಗೆ ಕೂಗಿತು. ‘ಮುಸುವ ಎತ್ತರದಿಂದ ನೋಡಿದೆ, ಸುಳ್ಳು ಹೇಳಲ್ಲ. ಕೆರೆ ಕಡೆ ಇಳೀತಿದೆ’ ಅಂದರು. ಕಾದೆವು. ಹುಲಿ ಕಾಣಲಿಲ್ಲ. ಕೆರೆ ದಾರಿಯ ಧೂಳಿನಲ್ಲಿ ಹೊಸ ಹೆಜ್ಜೆ ಮಾತ್ರ ಇತ್ತು, ನಮ್ಮ ಮುಂದಿನ ಜೀಪಿನ ಚಕ್ರದ ಗುರುತಿನ ಮೇಲೇ ಬಿದ್ದಿತ್ತು. ಮಗಳು ನನ್ನ ಕಿವಿಯಲ್ಲಿ, ‘ಅಪ್ಪಾ, ಇವರಿಗೆ ಸ್ಪೀಕ್ ವಿತ್ ಅನಿಮಲ್ಸ್ ಬರುತ್ತಾ?’ ಅಂತ ಕೇಳಿದಳು.

ತಮಾಷೆಗೆ ಕೇಳಿದ್ದು. ಆದರೂ ನನಗೆ ಚುರುಕ್ ಅಂತು. ಮೂವತ್ತು ವರ್ಷ ಕಿವಿಗೊಟ್ಟು ಕಲಿತದ್ದನ್ನ ಮಂತ್ರ ಅಂತ ಕರೆದ ಕೂಡಲೇ ಆ ಮೂವತ್ತು ವರ್ಷ ಮಾಯ ಆಗುತ್ತೆ. ಕಾಡಿನ ಜನಕ್ಕೆ ‘ಅದೇನೋ ದೈವದತ್ತ ಶಕ್ತಿ’ ಅಂತ ಹೇಳೋದು ಹೊಗಳಿಕೆಯ ವೇಷ ಹಾಕಿದ ಅಸಡ್ಡೆ. ಕಲಹರಿಯ ಸ್ಯಾನ್ ಬೇಟೆಗಾರರ ಜೊತೆ ತಿರುಗಿದ ಲೂಯಿ ಲೀಬೆನ್‌ಬರ್ಗ್ 1990ರಲ್ಲಿ ಒಂದು ಪುಸ್ತಕ ಬರೆದರು. ಜಾಡು ಹಿಡಿಯುವ ಕಲೆಯೇ ವಿಜ್ಞಾನದ ಮೂಲ ಅನ್ನೋದು ಅವರ ವಾದ. ಒಳ್ಳೆಯ ಬೇಟೆಗಾರ ಪ್ರತಿ ಹೆಜ್ಜೆಯನ್ನೂ ಹಿಂಬಾಲಿಸಲ್ಲ. ಪ್ರಾಣಿ ಎಲ್ಲಿಗೆ ಹೋಗುತ್ತಿರಬಹುದು ಅಂತ ಊಹೆ ಕಟ್ಟಿ, ಅಲ್ಲಿಗೇ ಹೋಗಿ, ಊಹೆ ಸರಿಯೋ ತಪ್ಪೋ ನೋಡುತ್ತಾನೆ.

ಇಂಥ ಯೋಚನೆಯನ್ನ ಆಟದಲ್ಲಿ ತರೋದು ಹೇಗೆ? ಮಂತ್ರ ಕಿತ್ತು ಹಾಕಿದರೆ ಸಾಲದು. ‘ಪಾತ್‌ಫೈಂಡರ್’ ಎರಡನೇ ಆವೃತ್ತಿಯ ರೇಂಜರ್‌ಗೆ ಮೂಲ ಪುಸ್ತಕದಲ್ಲಿ ಮಂತ್ರ ಇಲ್ಲ, ಒಳ್ಳೆಯದೇ. ಆದರೆ 2014ರ ಡಿ ಅಂಡ್ ಡಿ ರೇಂಜರ್‌ನ ಮಂತ್ರವಲ್ಲದ ಗುಣಗಳನ್ನೇ ನೋಡಿ: ತನಗೆ ಪರಿಚಯದ ನೆಲದಲ್ಲಿ ಅವನ ತಂಡ ದಾರಿ ತಪ್ಪೋದೇ ಇಲ್ಲ, ಕಷ್ಟದ ನೆಲ ಅವರನ್ನ ನಿಧಾನ ಮಾಡೋದೇ ಇಲ್ಲ. ಇದೂ ಗುಡ್‌ಬೆರಿಯ ಅಣ್ಣನೇ! ಕಾಡು ಬಲ್ಲ ಪಾತ್ರ ಬಂದರೆ ಕಾಡು ಇನ್ನಷ್ಟು ತೆರೆದುಕೊಳ್ಳಬೇಕು, ಅಳಿಸಿಹೋಗಬಾರದು. ಕತ್ತಿವೀರ ಬಂದ ಅಂತ ಯುದ್ಧ ರದ್ದು ಮಾಡ್ತೀವಾ?

ಅದಕ್ಕೆ ನಾನು ಮಾಡಿದ್ದು ಇಷ್ಟೇ. ರೇಂಜರ್‌ಗೆ ಮಂತ್ರದ ಬದಲು ಪ್ರಶ್ನೆಗಳು. ಒಂದು ಪ್ರಶ್ನೆಗೆ ಆಟದೊಳಗಿನ ಒಂದು ಗಂಟೆ ಖರ್ಚು. ಇಲ್ಲಿಂದ ಯಾರು ಹೋದರು, ಯಾವಾಗ, ಗಾಯ ಆಗಿತ್ತಾ? ನೀರು ಎಲ್ಲಿ? ದಾಳ ಉರುಳಿಸೋದು ಬೇಡ, ಡಿಎಂ ನಿಜ ಹೇಳಲೇಬೇಕು. ‘ಅಪೊಕ್ಯಾಲಿಪ್ಸ್ ವರ್ಲ್ಡ್’ ಆಡಿದವರಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯೋದು ಹೊಸದೇನಲ್ಲ. ನನ್ನ ಒಗ್ಗರಣೆ ಸಮಯದ್ದು. ನೀವು ಬಗ್ಗಿ ನೆಲ ಓದುತ್ತಾ ಇರುವಾಗ ಓಡಿಹೋದವರು ಇನ್ನೂ ದೂರ ಹೋಗ್ತಾರೆ. ತಿಳಿಯೋದಾ, ಓಡೋದಾ? ಆ ಗೊಂದಲವೇ ಆಟ. ಹಂತ ಏರಿದಂತೆ ಒಂದು ಗಂಟೆಗೆ ಎರಡು ಪ್ರಶ್ನೆ, ಆಮೇಲೆ ನಡೆಯುತ್ತಲೇ ಕೇಳಬಹುದು. ಇನ್ನೊಂದು ನಿಯಮ: ಸಿಕ್ಕ ಉತ್ತರದ ಮೇಲೆ ಬಲೆ, ಹೊಂಚು ಏನು ಹೂಡಿದರೂ ಮೊದಲ ಪೆಟ್ಟು ರೇಂಜರ್‌ದು.

‘ಐದನೇ ಹಂತಕ್ಕೆ ಮಾಂತ್ರಿಕ ಹಾರುತ್ತಾನೆ, ನಿಮ್ಮ ರೇಂಜರ್ ಮಣ್ಣು ಮೂಸ್ತಾ ಕೂತಿರ್ತಾನೆ’ ಅಂತ ನಮ್ಮ ಮೇಜಿನಲ್ಲೇ ಒಬ್ಬ ರೇಗಿಸಿದ. ಹಾರಲಿ. ಎಲ್ಲಿಗೆ ಹಾರಬೇಕು ಅಂತ ಅವನಿಗೆ ಹೇಳೋರು ಯಾರು? ಹದಿಮೂರನೇ ಹಂತದಲ್ಲಿ ಟೆಲಿಪೋರ್ಟ್ ಬಂದಮೇಲೆ ಈ ವಾದ ಸೋಲುತ್ತೆ, ಒಪ್ತೀನಿ. ಪ್ರಯಾಣವೇ ಇಲ್ಲದ ಆಟಕ್ಕೆ ಈ ಪಾತ್ರ ಬೇಡ. ಅಲ್ಲಿಗೆ ಮುಟ್ಟುವ ಮುಂಚೆ ನಮ್ಮ ಮಕ್ಕಳು ಕಾಲೇಜಿಗೆ ಹೋಗಿರ್ತಾರೆ ಬಿಡಿ.

ಕಳೆದ ಶನಿವಾರ ಹೊಸ ನಿಯಮದಲ್ಲಿ ಆಡಿದೆವು. ಹಿಮದ ಕಣಿವೆ, ಒಂದು ಸಾಲು ಹೆಜ್ಜೆ ಗುರುತು. ಮಗಳು ಪಟ್ಟಿ ನೋಡದೆಯೇ ಕೇಳಿದಳು: ‘ಹಿಮದ ಮೇಲೆ ಹೆಜ್ಜೆ ಬಿದ್ದಿದೆಯಾ, ಹೆಜ್ಜೆ ಮೇಲೆ ಹಿಮ ಬಿದ್ದಿದೆಯಾ?’ ನಾನು ಅದನ್ನ ಯೋಚಿಸಿರಲೇ ಇಲ್ಲ. ಎರಡು ನಿಮಿಷ ಟೈಮ್ ಕೇಳಿ, ಟೀ ಮಾಡೋ ನೆಪದಲ್ಲಿ ಅಡುಗೆಮನೆಗೆ ಹೋದೆ.