ಬಹುಮಾನ ಪಾಲಿಕೆಗೆ, ದಂಡ ನಮಗೆ

ಸ್ವಚ್ಛ ಸರ್ವೇಕ್ಷಣೆಯ ತಂಡ ಬರುವ ದಿನಗಳಲ್ಲಿ ನಮ್ಮ ಹೋಟೆಲುಗಳ ಹಿಂದಿನ ಗಲ್ಲಿ ನೋಡಬೇಕು. ಗೋಡೆಗೆ ಬಣ್ಣ, ಕಸದ ಗಾಡಿ ಬೆಳಿಗ್ಗೆ ಏಳಕ್ಕೇ ಹಾಜರು. ತಂಡ ಹೋದ ಮೇಲೆ ಗಾಡಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು.

ಪ್ರಶಸ್ತಿಯೇ ಬೇಡ ಎಂದು ನಾವು ಹೇಳುತ್ತಿಲ್ಲ. 2016ರಲ್ಲಿ ಮೈಸೂರು ಮೊದಲನೆಯದಾದಾಗ ಇಲ್ಲಿಯ ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳಿಕೊಂಡವರು ನಾವೇ. ಮುಂದೆ 2017ರಿಂದ 2023ರವರೆಗೆ ಪ್ರತಿ ಸಲವೂ ಇಂದೋರ್ ಮೊದಲ ಸ್ಥಾನದಲ್ಲಿತ್ತು, ಕೊನೆಯ ಸಲ ಸೂರತ್ ಜೊತೆಗೆ. ಇಂದೋರಿನಲ್ಲಿ 2022ರಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿ ಕಸದಿಂದ ಗ್ಯಾಸ್ ಮಾಡಬಲ್ಲದು. ಅದರಲ್ಲಿ ಸಿಟಿ ಬಸ್ಸು ಓಡಿದವು. ಅಂಥ ಕೆಲಸಕ್ಕೆ ಬಹುಮಾನ ಸಿಗಲಿ.

ನಮ್ಮಲ್ಲಿ ಏನಾಗುತ್ತಿದೆ? 2016ರ ಘನತ್ಯಾಜ್ಯ ನಿಯಮ ಬಂದಾಗಿನಿಂದ ನಮ್ಮ ಹುಡುಗರು ಎಂಜಲು, ತರಕಾರಿ ಸಿಪ್ಪೆ ಒಂದು ಡಬ್ಬಕ್ಕೆ, ಹಾಲಿನ ತೊಟ್ಟೆ ಇನ್ನೊಂದಕ್ಕೆ ಹಾಕುತ್ತಾರೆ. ತಪ್ಪಿದರೆ ದಂಡ ನಮಗೆ. ಗಾಡಿಯವನು ಎರಡನ್ನೂ ಒಟ್ಟಿಗೇ ಸುರಿದುಕೊಂಡು ಹೋಗುತ್ತಾನೆ. "ಧಣಿಗಳೇ, ಮತ್ತೆ ನಾವು ಬೇರೆ ಮಾಡುವುದು ಯಾಕೆ?" ಎಂದು ತಟ್ಟೆ ತೊಳೆಯುವ ಹುಡುಗ ಕೇಳಿದರೆ ನಮ್ಮ ಬಾಯಿ ಕಟ್ಟುತ್ತದೆ.

ಸರ್ವೇಕ್ಷಣೆಯಲ್ಲಿ ನಾಗರಿಕರ ಅಭಿಪ್ರಾಯಕ್ಕೂ ಅಂಕವಿದೆ. ಯಾರೋ ಹೇಳಿ ಬರೆಸುವ ಹೊಗಳಿಕೆಗೆ ನಾವು ಸಹಿ ಹಾಕುವುದು ಬೇಡ. ಗಾಡಿ ಬಾರದ ದಿನ, ಕಸ ಬೆರೆಸಿದ ದಿನ ಎರಡನ್ನೂ ಗಲ್ಲೆಯ ಪುಸ್ತಕದಲ್ಲಿ ಬರೆದಿಟ್ಟು, ಕೇಳಲು ಬಂದವರಿಗೆ ಅದನ್ನೇ ತೋರಿಸೋಣ.